ದೇವರಿಗೆ ಕಾವಲಿಟ್ಟ ಎಣ್ಣೆ ವ್ಯಾಪಾರಿ

ಪ್ರಿಯರೇ, ಈಗ ಹೇಳಲಿರುವ ಸಂಗತಿಯಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆಣೆ ಇಟ್ಟೇ ಹೇಳಬಹುದಿತ್ತು. ಆದರೆ ಆಣೆ ಇಡಬಾರದು ಎಂದು ನಮಗೆ ಅಪ್ಪಣೆಯಾಗಿದೆ. ಆದ್ದರಿಂದ ಆಣೆ ಇಟ್ಟಿದ್ದರೆ ಎಷ್ಟು ನಂಬುತ್ತಿದ್ದಿರೋ ಅಷ್ಟನ್ನೇ ಈಗಲೂ ನಂಬಿ, ಒಂದು ಗುಂಜಿಯೂ ಕಡಿಮೆ ಮಾಡಬೇಡಿ. ನೋಡಿ, ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಅದು ನೆಗಡಿಯ ಕೆಮ್ಮಲ್ಲ. ಹೋದ ಭಾನುವಾರ ತಿಮಿಂಗಿಲದ ಹಲ್ಲು ಉಜ್ಜಿಕೊಟ್ಟವನ ವಿಷಯ ಹೇಳಿದಾಗಲೂ ಇದೇ ಕೆಮ್ಮು ಕೇಳಿಸಿತ್ತು. ಇರಲಿ.

ರೋಮಿನ ಚಕ್ರವರ್ತಿಗಳು ಆಳುತ್ತಿದ್ದ ಕಾಲ. ಸಮುದ್ರದ ದಡದಲ್ಲಿ ಒಂದು ಪಟ್ಟಣ. ಆ ಪಟ್ಟಣದಲ್ಲಿ ಎಣ್ಣೆ ಮಾರಿ ಬೆಳೆದ ಒಬ್ಬ ದೊಡ್ಡ ಕುಳ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ‘ಓ, ಅವನಾ’ ಅಂತ ನಿಮಗೆ ನೆಮ್ಮದಿಯಾಗುತ್ತದೆ. ನಿಮಗೆ ನೆಮ್ಮದಿ ಕೊಡುವುದು ಈ ಹೊತ್ತಿನ ನನ್ನ ಕೆಲಸವಲ್ಲ. ವ್ಯಾಪಾರಿ ಅನ್ನೋಣ, ಸಾಕು.

ವ್ಯಾಪಾರಿಗೆ ಒಂದು ಕಾಯಿಲೆ ಇತ್ತು. ಯಾವ ವೈದ್ಯನೂ ಅದನ್ನು ಕಂಡುಹಿಡಿಯಲಿಲ್ಲ, ಯಾಕೆಂದರೆ ಯಾವ ವೈದ್ಯನನ್ನೂ ಅವನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಅನುಮಾನ. ಅಡುಗೆಯವಳು ಸಾರು ತಂದಿಟ್ಟರೆ ಮೊದಲು ಬೆಕ್ಕಿಗೆ. ಬೆಕ್ಕು ನೆಕ್ಕಿ ಚೆನ್ನಾಗಿಯೇ ಇದ್ದರೆ ಆ ಬೆಕ್ಕಿನ ಮೇಲೆ ಅನುಮಾನ: ಇದೂ ಅಡುಗೆಯವಳ ಜೊತೆ ಸೇರಿಕೊಂಡಿದೆಯೋ ಏನೋ. ಹೆಂಡತಿ ಬೆಳಿಗ್ಗೆ ಹಾಡು ಗುನುಗಿದರೆ, ಇವಳಿಗೆ ಯಾಕೆ ಇಷ್ಟು ಖುಷಿ? ಗುನುಗದಿದ್ದರೆ, ಯಾಕೆ ಸುಮ್ಮನಾದಳು? ಎಣ್ಣೆ ತುಂಬಿದ ಗುಡಾಣಗಳ ಬಾಯಿಗೆ ಅರಗು ಸುರಿದು, ತನ್ನ ಉಂಗುರದಿಂದ ಮುದ್ರೆ ಒತ್ತಿ, ಆ ಉಂಗುರವನ್ನು ಬಾಯಲ್ಲಿ ಕಚ್ಚಿಕೊಂಡು ಮಲಗುತ್ತಿದ್ದ. ಒಂದು ಸಲ ಸೀನು ಬಂದು ನುಂಗಿಬಿಟ್ಟ. ಅದು ಹೊರಗೆ ಬರುವ ತನಕ ಸ್ವಂತ ಹೊಟ್ಟೆಯನ್ನೂ ನಂಬಲಿಲ್ಲ.

ಅವನ ಮನೆಯ ಒಳಕೋಣೆಯಲ್ಲಿ ಬೆಳ್ಳಿಯ ದೇವರಿದ್ದ. ಮೊಣಕಾಲೆತ್ತರ. ಕೈಯಲ್ಲಿ ಒಂದು ಕೋಲು, ಪಾದಗಳಿಗೆ ಪುಟ್ಟ ರೆಕ್ಕೆ. ಆ ಸೀಮೆಯ ವ್ಯಾಪಾರಿಗಳೆಲ್ಲ ಅವನನ್ನೇ ನಂಬಿದ್ದರು. ಬೆಳಿಗ್ಗೆ ಅವನ ಮುಂದೆ ದೀಪ ಹಚ್ಚಿ, “ನನ್ನ ಗುಡಾಣಗಳನ್ನ ಕಾಪಾಡಪ್ಪ” ಅಂದರೆ ವ್ಯಾಪಾರಿಗೆ ಅರ್ಧ ದಿನಕ್ಕಾಗುವಷ್ಟು ಧೈರ್ಯ ಬರುತ್ತಿತ್ತು. ಪ್ರಪಂಚದಲ್ಲಿ ಅವನಿಗೆ ಅನುಮಾನ ಇಲ್ಲದ್ದು ಅದೊಂದೇ.

ಒಂದು ದಿನ ಕ್ಷೌರದವನು ಬಂದ. ಕತ್ತಿಯನ್ನು ಗಂಟಲ ಹತ್ತಿರ ಇಟ್ಟುಕೊಂಡು ಮಾತು ತೆಗೆದ.

“ನಿಮ್ಮ ಒಳಗಡೆ ಇರೋ ದೇವ್ರು ಭಾಳಾ ದೊಡ್ಡೋನು ಬುದ್ಧಿ. ಕಳ್ರೂ ಅವನಿಗೇ ಕೈ ಮುಗ್ದು ಹೊರಡೋದು.”

“ಏನಂದೆ?”

“ವ್ಯಾಪಾರಸ್ಥರ ದೇವ್ರೂ ಅವನೇ, ಕಳ್ರ ದೇವ್ರೂ ಅವನೇ. ಗೊತ್ತಿರಲಿಲ್ವಾ? ಹುಟ್ಟಿದ ದಿವಸಾನೇ ತೊಟ್ಟಿಲಿಂದ ಎದ್ದೋಗಿ ಅಣ್ಣನ ದನ ಹೊಡ್ಕೊಂಡು ಬಂದೋನಂತೆ. ಅಲ್ಲಾಡಬ್ಯಾಡಿ ಬುದ್ಧಿ, ಕತ್ತಿ ಐತೆ.”

ಮುಗಿಯಿತು. ವ್ಯಾಪಾರಿ ಅರ್ಧ ಗಡ್ಡ ಬೋಳಿಸಿಕೊಂಡೇ ಎದ್ದು ಒಳಕೋಣೆಗೆ ಹೋಗಿ ದೇವರ ಮುಖ ನೋಡಿದ. ಇಷ್ಟು ವರ್ಷ ಕಂಡ ಆ ನಗು ಇವತ್ತು ಬೇರೆ ಥರ ಕಂಡಿತು. ನೀವೇ ಯೋಚನೆ ಮಾಡಿ. ಇವನು ‘ಕಾಪಾಡು’ ಅಂತ ಬೇಡುತ್ತಾನೆ. ಗೋಡೆಯ ಆಚೆ ಕಳ್ಳ ‘ಕೈಗೆ ಸಿಗಲಿ’ ಅಂತ ಬೇಡುತ್ತಾನೆ. ಎರಡೂ ಹೋಗುವುದು ಅದೇ ಎರಡು ಕಿವಿಗೆ. ದೇವರು ಯಾರ ಮಾತು ಕೇಳಬೇಕು? ಕಳ್ಳನ ಹರಕೆ ತನ್ನದಕ್ಕಿಂತ ದೊಡ್ಡದಾಗಿದ್ದರೆ? ಅದೂ ಹೋಗಲಿ, ಕಾಲಿಗೆ ರೆಕ್ಕೆ ಬೇರೆ ಇದೆ. ಇವನೇ ಎದ್ದು ಹೋದರೆ?

ಅವತ್ತು ಸಂಜೆಯೇ ಕಮ್ಮಾರನನ್ನು ಕರೆಸಿ ದೇವರ ಕಾಲಿಗೆ ಸರಪಣಿ ಹಾಕಿಸಿದ. ನಗಬೇಡಿ. ಆ ಕಾಲದಲ್ಲಿ ಹಾಗೆ ಹಾಕಿಸುವವರು ಇದ್ದರು. ಕೋಣೆಗೆ ಒಂದು ಬೀಗ ಮಾಡಿಸಿದ. ಅದರ ಕೀಲಿಕೈ ಎಷ್ಟು ದೊಡ್ಡದೆಂದರೆ, ತಿರುಗಿಸುವಾಗ ವ್ಯಾಪಾರಿ ಅದಕ್ಕೆ ನೇತುಬೀಳಬೇಕಿತ್ತು. ಇಷ್ಟಾದರೂ ನಿದ್ದೆ ಬರಲಿಲ್ಲ. ಬಾಗಿಲಿಗೆ ಒಬ್ಬ ಕಾವಲುಗಾರ ಬೇಕು ಅಂತ ಊರಲ್ಲಿ ಹೇಳಿಕಳಿಸಿದ.

ಮೊದಲು ಬಂದವನು ಭಕ್ತ. ಹಣೆ ನೆಲಕ್ಕೆ ಹಚ್ಚಿ, “ಈ ಸ್ವಾಮೀಗೆ ನನ್ನ ಪ್ರಾಣ ಬೇಕಾದ್ರೂ ಕೊಡ್ತೀನಿ ಬುದ್ಧಿ” ಅಂತ ಕಣ್ಣೀರು ಹಾಕಿದ. ವ್ಯಾಪಾರಿ ಅವನನ್ನು ಮೇಲಿಂದ ಕೆಳಗೆ ನೋಡಿದ. ಇಷ್ಟು ಪ್ರೀತಿ ಇರುವವನು ದೇವರನ್ನು ಇಲ್ಲಿ ಬಿಟ್ಟು ಮನೆಗೆ ಹೋಗುತ್ತಾನಾ? ಹೆಗಲ ಮೇಲೆ ಹೊತ್ತುಕೊಂಡೇ ಹೋಗುತ್ತಾನೆ. “ಆಮೇಲೆ ನೋಡೋಣ” ಅಂದು ಕಳಿಸಿದ.

ಆಮೇಲೆ ಬಂದವನು ನಮ್ಮವನು. ನಮ್ಮವನು ಅಂದರೆ, ಕ್ರಿಸ್ತನನ್ನು ನಂಬಿದವನು. ಆಗ ನಮಗೆ ಇದ್ದ ಹೆಸರು ಏನು ಗೊತ್ತಾ? ದೇವರಿಲ್ಲದವರು! ಗುಡಿ ಇಲ್ಲ, ಮೂರ್ತಿ ಇಲ್ಲ, ಬಲಿ ಇಲ್ಲ. ಇವರಿಗೆ ದೇವರೇ ಇಲ್ಲ ಅಂತ ಜನ ತೀರ್ಮಾನ ಮಾಡಿದ್ದರು. ನಮ್ಮವನು ದೊಡ್ಡ ಸಂತನೇನಲ್ಲ. ಹೊಟ್ಟೆಬಾಕ, ಮಾತು ಜಾಸ್ತಿ, ಎಲ್ಲಿಯೂ ಒಂದು ಕೆಲಸದಲ್ಲಿ ನಿಂತವನಲ್ಲ.

“ನಮ್ಮ ಮನೆ ದೇವ್ರು ನಿನಗೆ ಬೇಕೇನಯ್ಯಾ?” ಅಂತ ವ್ಯಾಪಾರಿ ಕೇಳಿದ.

“ಬ್ಯಾಡಿ ಸ್ವಾಮಿ.”

“ಬಿಟ್ಟಿ ಕೊಟ್ರೆ?”

“ಬಿಟ್ಟಿ ಕೊಟ್ರೂ ಬ್ಯಾಡಿ. ಮನೇಲಿ ಇಟ್ಕೊಂಡ್ರೆ ನಮ್ಮ ಹೆಂಗಸ್ರು ನನ್ನೇ ಆಚೆಗೆ ಹಾಕ್ತಾರೆ.”

ವ್ಯಾಪಾರಿ ಒಳಗೊಳಗೇ ಕುಣಿದ. ಬೇಡದವನೇ ಸರಿಯಾದ ಕಾವಲುಗಾರ! ಅಲ್ಲೇ ಕೆಲಸಕ್ಕೆ ಇಟ್ಟುಕೊಂಡ. ಊಟ ಮುಗಿಯುವಷ್ಟರಲ್ಲಿ ಮತ್ತೆ ಶುರುವಾಯಿತು. ಇವನಿಗೆ ದೇವರು ಬೇಡ, ಸರಿ. ಬೆಳ್ಳಿಯೂ ಬೇಡ ಅಂತ ಹೇಳಿದನಾ? ಹೇಳಲಿಲ್ಲ! ಎಂಜಲು ಕೈಯಲ್ಲೇ ಆಳು ಕಳಿಸಿ ಭಕ್ತನನ್ನು ವಾಪಸ್ಸು ಕರೆಸಿದ. ಭಕ್ತನ ಕಿವಿಯಲ್ಲಿ, “ನೀನು ಆ ದೇವರಿಲ್ಲದವನ ಮೇಲೆ ಕಣ್ಣಿಡು” ಅಂದ. ನಮ್ಮವನ ಕಿವಿಯಲ್ಲಿ, “ನೀನು ಆ ಭಕ್ತನ ಮೇಲೆ ಕಣ್ಣಿಡು” ಅಂದ. ತಾನು ಪರದೆಯ ಹಿಂದೆ ಕುರ್ಚಿ ಹಾಕಿಕೊಂಡು ಇಬ್ಬರ ಮೇಲೂ ಕಿವಿಯಿಟ್ಟ.

ಇಬ್ಬರೂ ಬಾಗಿಲ ಆಚೆ ಈಚೆ ಕೂತು ವಾದಕ್ಕೆ ಬಿದ್ದರು. ವ್ಯಾಪಾರಿಗೆ ಕೇಳಿ ಸಂತೋಷ. ಜಗಳ ಆಡುವವರು ಸೇರಿ ಕದಿಯುವುದಿಲ್ಲ.

“ಅಲ್ಲ ಕಣ್ಲಾ,” ಅಂತ ನಮ್ಮವನು ತೆಗೆದ. “ನಿನ್ನ ದೇವ್ರು ನಮ್ಮನ್ನ ಕಾಯ್ಬೇಕೋ, ನಾವು ಅವನನ್ನ ಕಾಯ್ಬೇಕೋ? ಕಾಲಿಗೆ ಸರಪಣಿ, ಬಾಗ್ಲಿಗೆ ಬೀಗ, ಮ್ಯಾಲೆ ನಾವಿಬ್ರು. ಸೆರೆಮನೇಲಿರೋರ್ನೂ ಹಿಂಗೆ ಇಡಲ್ಲ ಕಣ್ಲಾ.”

“ನಿಂದು ಯಾವ ದೇವ್ರು ಹೇಳು ಮೊದ್ಲು. ಮುಖ ಇಲ್ಲ, ಮನೆ ಇಲ್ಲ. ಬಾಡಿಗೆ ಮನೆನೂ ಇಲ್ಲ.”

“ಎಲ್ಲಾ ಕಡೆ ಅವ್ನೆ.”

“ಓಹೋ! ಈ ಚರಂಡೀಲೂ ಅವ್ನಾ?”

ನಮ್ಮವನು ಚರಂಡಿಯ ಕಡೆ ಬಗ್ಗಿ ನೋಡಿದ. “ನಿನ್ನ ಪಕ್ಕ ಕೂತವ್ನೆ ಅಂದ್ಮೇಲೆ ಚರಂಡಿ ಏನು ದೊಡ್ಡದು” ಅಂದ. ಭಕ್ತ ನಕ್ಕುಬಿಟ್ಟ.

ಇನ್ನೊಂದು ದಿನ ಭಕ್ತ ಹುಟ್ಟುವ ಸೂರ್ಯನಿಗೆ ಕೈ ಮುಗಿಯುತ್ತಿದ್ದ. ನಮ್ಮವನು ಸುಮ್ಮನಿರಬೇಕಲ್ಲ? “ದೀಪಕ್ಕೆ ಕೈ ಮುಗೀತೀಯ, ಹಚ್ಚಿದೋನು ಯಾರು ಅಂತ ಒಂದಿನಾನಾದ್ರೂ ಕೇಳಿದ್ದೀಯಾ?” ಅಂದ.

“ಹಚ್ಚಿದೋನು ಕಾಣಿಸ್ಲಿ, ಅವನಿಗೂ ಮುಗೀತೀನಿ. ನಿನ್ನಂಗೆ ಕೈ ಕಟ್ಕೊಂಡು ಕೂತಿರಲ್ಲ. ಬೆಳಕು ಕೊಟ್ಟೋರಿಗೆ ಒಂದು ನಮಸ್ಕಾರನೂ ಇಲ್ದೆ ಬದುಕೋದು ಯಾವ ಧರ್ಮಾನಯ್ಯ?”

ಈ ಮಾತಿಗೆ ನಮ್ಮವನು ತನ್ನ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಅರ್ಧ ಅವನ ಕಡೆ ಚಾಚಿದ. ಭಕ್ತ ಈರುಳ್ಳಿ ಕೊಟ್ಟ. ಇಬ್ಬರೂ ಅಗಿಯುತ್ತಾ ಕೂತರು. ಇದೆಲ್ಲ ಪರದೆಯ ಹಿಂದೆ ಕೂತ ವ್ಯಾಪಾರಿಗೆ ಕೇಳಿಸುತ್ತಿತ್ತು. ಮಾತು ನಿಂತಿತು, ಅಗಿಯುವ ಸದ್ದು ಬಂತು, ಆಮೇಲೆ ನಗು ಬಂತು. ಅವನು ಕುರ್ಚಿಯಿಂದ ದಡಕ್ಕನೆ ಎದ್ದ.

ಯಾಕೆ? ನಿಮಗೆ ಅರ್ಥವಾಯಿತಾ? ಒಬ್ಬರನ್ನೊಬ್ಬರು ಕಾಯಲಿ ಅಂತ ಇಟ್ಟ ಇಬ್ಬರು ಸ್ನೇಹಿತರಾಗಿಬಿಟ್ಟರು! ಅನುಮಾನದ ಮನುಷ್ಯನಿಗೆ ಇದಕ್ಕಿಂತ ಕೆಟ್ಟ ಸುದ್ದಿ ಉಂಟಾ? ಇವರಿಬ್ಬರೂ ಸೇರಿದರೆ ಇನ್ನು ಕಾಯುವವರು ಯಾರು?

ಅವತ್ತೇ ಮಧ್ಯಾಹ್ನ. ಊರಿಗೆ ಊರೇ ಬಿಸಿಲಿಗೆ ಹೆದರಿ ಮಲಗಿದ್ದ ಹೊತ್ತು. ಭಕ್ತ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ನಮ್ಮವನು ನೆರಳಿನಲ್ಲಿ ಮುಖ ಮುಚ್ಚಿಕೊಂಡು ಬಿದ್ದಿದ್ದ. ವ್ಯಾಪಾರಿ ತನ್ನೊಬ್ಬನ ಹತ್ತಿರವೇ ಕೀಲಿ ಇದ್ದ ಅಡುಗೆಮನೆಯ ಕಡೆಯ ಕಿರುಬಾಗಿಲಿಂದ ಕೋಣೆಗೆ ನುಗ್ಗಿ, ಸರಪಣಿ ಬಿಚ್ಚಿ, ದೇವರನ್ನು ಎತ್ತಿ ಉಗ್ರಾಣಕ್ಕೆ ಒಯ್ದ. ಒಂದು ಗುಡಾಣ ಅರ್ಧ ತುಂಬಿತ್ತು. ಬಾಯಿ ಕಿರಿದು, ನೆಟ್ಟಗೆ ಇಳಿಸಿದರೆ ಕೈಯ ಕೋಲು ತಗಲುತ್ತಿತ್ತು. ತಲೆಕೆಳಗು ಮಾಡಿ ಇಳಿಸಿದ. ಅರಗು ಸುರಿದ. ಮುದ್ರೆ ಒತ್ತಿದ. ಬಂದು ಖಾಲಿ ಕೋಣೆಯ ಕಿರುಬಾಗಿಲು ಭದ್ರ ಮಾಡಿದ; ಮುಂಬಾಗಿಲಲ್ಲಿ ಅದೇ ದೊಡ್ಡ ಬೀಗ ಹಾಗೇ ಇತ್ತು.

ಅವತ್ತು ಅವನಿಗೆ ಎಂಥ ನಿದ್ದೆ ಅಂತೀರಿ! ಇಬ್ಬರು ಆಳುಗಳು ಒಂದು ಖಾಲಿ ಕೋಣೆ ಕಾಯುತ್ತಿದ್ದಾರೆ. ದೇವರು ಎಲ್ಲಿದ್ದಾನೆ ಅಂತ ಗೊತ್ತಿರುವವನು ಪ್ರಪಂಚದಲ್ಲಿ ತಾನೊಬ್ಬನೇ. ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಬೀಗದ ಮುಂದೆಯೇ ದೀಪ ಹಚ್ಚಿ, “ನನ್ನ ಗುಡಾಣಗಳನ್ನ ಕಾಪಾಡಪ್ಪ” ಅಂದ. ಕಾಪಾಡಬೇಕಾದವನು ಎಲ್ಲಿದ್ದ? ಗುಡಾಣದಲ್ಲಿದ್ದ.

ಹೀಗೇ ಸುಖವಾಗಿ ನಡೆದುಹೋಗುತ್ತಿತ್ತೋ ಏನೋ. ಆದರೆ ಒಂದು ಬೆಳಿಗ್ಗೆ ಭೂಮಿ ಅಲ್ಲಾಡಿತು. ದೊಡ್ಡ ಭೂಕಂಪವಲ್ಲ. ಹಂಚು ಬಿದ್ದವು, ಕೋಳಿಗಳು ಹಾರಿದವು, ವ್ಯಾಪಾರಿಯ ಆ ಬೀಗ ಮಾತ್ರ ತನ್ನ ಭಾರಕ್ಕೆ ತಾನೇ ಬಾಗಿಲ ಸಮೇತ ಕಿತ್ತುಬಂತು. ದೇವರಿಗೆ ಏನಾಯಿತೋ ಅಂತ ಬೀದಿಯವರೆಲ್ಲ ಓಡಿಬಂದರು. ನೋಡಿದರೆ ಪೀಠ ಖಾಲಿ. ಸರಪಣಿ ನೆಲದ ಮೇಲೆ.

“ಹೊಂಟೋದ!” ಅಂತ ಯಾರೋ ಕೂಗಿದರು. “ಸ್ವಾಮಿ ಎದ್ದು ಹೊಂಟೋದ! ಅದಕ್ಕೇ ಭೂಮಿ ನಡುಗಿದ್ದು!”

ಯಾಕೆ ಹೋದ? ಎಲ್ಲರೂ ಸುತ್ತ ನೋಡಿದರು. ಬಾಗಿಲಲ್ಲಿ ನಮ್ಮವನು ನಿಂತಿದ್ದ. ಬಾಯಲ್ಲಿ ರೊಟ್ಟಿ.

“ದೇವರಿಲ್ಲದವನನ್ನ ದೇವ್ರ ಬಾಗ್ಲಲ್ಲಿ ಕೂರಿಸಿದ್ರೆ ಇನ್ನೇನಾಗುತ್ತೆ?”

ನೋಡಿ, ಆ ಕಾಲದಲ್ಲಿ ಎಲ್ಲದಕ್ಕೂ ಅದೇ ಉತ್ತರ. ಮಳೆ ಬರಲಿಲ್ಲವೇ, ಕ್ರೈಸ್ತರಿಂದ. ಮಳೆ ಜಾಸ್ತಿಯಾಯಿತೇ, ಅದೂ ಅವರಿಂದಲೇ. ನಮ್ಮವನು ರೊಟ್ಟಿ ನುಂಗಿ, “ನಾವು ಹುಟ್ಟೋಕೆ ಮುಂಚೇನೂ ಭೂಮಿ ಅಲ್ಲಾಡಿತ್ತಲ್ಲ ಸ್ವಾಮಿ, ಆಗ ಯಾರಿಂದ?” ಅಂತ ಕೇಳಿದ. ಒಳ್ಳೆಯ ಪ್ರಶ್ನೆಯೇ. ಕೇಳಿದ ಹೊತ್ತು ಒಳ್ಳೆಯದಲ್ಲ. ಹೊಡೆದು, ಎಳೆದುಕೊಂಡು ಹೋಗಿ ನ್ಯಾಯಾಧಿಪತಿಯ ಮುಂದೆ ಒಗೆದರು. ಭಕ್ತ ಹಿಂದೆಯೇ ಅಳುತ್ತಾ ಓಡಿದ: “ಅವನು ಒಳಕ್ಕೇ ಹೋಗಿಲ್ಲ ಕಣ್ರಪ್ಪೋ, ನಾನು ಜೊತೇಲೇ ಇದ್ದೆ!” ಅವನ ಮಾತು ಯಾರಿಗೆ ಬೇಕು?

ಬರುವ ಹುಣ್ಣಿಮೆಗೆ ಮೈದಾನದಲ್ಲಿ ಸಿಂಹದ ಬಾಯಿಗೆ ಹಾಕುವುದು ಅಂತ ತೀರ್ಮಾನವಾಯಿತು.

ಇಷ್ಟೂ ಹೊತ್ತು ವ್ಯಾಪಾರಿ ಏನು ಮಾಡುತ್ತಿದ್ದ? ಬಾಗಿಲ ಸಂದಿಯಲ್ಲಿ ನಿಂತಿದ್ದ. ಬಾಯಿ ತೆರೆದ. ಮುಚ್ಚಿದ. ಏನು ಹೇಳಬೇಕು? ದೇವರು ಓಡಿಹೋಗಿಲ್ಲ, ನಾನೇ ಎಣ್ಣೆಯಲ್ಲಿ ಮುಳುಗಿಸಿದ್ದೇನೆ ಅಂತಲೇ? ನಾಲ್ಕು ಜನರ ಎದುರಿಗೆ? ಮೊದಲು ಜನ ಚದುರಲಿ, ಆಮೇಲೆ ಹೇಳೋಣ ಅಂದುಕೊಂಡ.

ಜನ ಚದುರಲಿಲ್ಲ, ಜಾಸ್ತಿಯಾದರು. ಖಾಲಿ ಪೀಠ ನೋಡಲು ಊರೂರಿಂದ ಬಂದರು. ಆ ಸರಪಣಿಯನ್ನು ಕಣ್ಣಿಗೆ ಒತ್ತಿಕೊಂಡರು. ನಿಂತಿದ್ದ ದೇವರನ್ನು ಯಾರೂ ತಿರುಗಿ ನೋಡಿರಲಿಲ್ಲ. ಹೋದ ದೇವರಿಗೆ ಸಾಲುಗಟ್ಟಿದರು. ದೇವರು ಕಾಲಿಟ್ಟು ಹೋದ ಮನೆಯ ಎಣ್ಣೆಯೇ ಬೇಕು ಅಂತ ಅಂಗಡಿಯ ಮುಂದೆ ನೂಕುನುಗ್ಗಲು. ಬೀದಿಯಲ್ಲಿ ಹೋದರೆ ಹಿರಿಯರು ಎದ್ದು ನಿಂತು, “ನಿಮ್ಮಂಥ ಭಕ್ತರಿಗೇ ಹಿಂಗಾಗಬೇಕಾ ಯಜಮಾನ್ರೇ” ಅಂತ ಕೈ ಹಿಡಿದುಕೊಳ್ಳುತ್ತಿದ್ದರು. ಹೇಳುವುದು ದಿನದಿಂದ ದಿನಕ್ಕೆ ಕಷ್ಟವಾಯಿತು.

ಆದರೆ ಒಂದು ಅನುಮಾನ ಹುಳದ ಹಾಗೆ ಕೊರೆಯುತ್ತಿತ್ತು. ಆ ಮಧ್ಯಾಹ್ನ ನಮ್ಮವನು ಮುಖ ಮುಚ್ಚಿಕೊಂಡು ಮಲಗಿದ್ದ. ನಿದ್ದೆ ಮಾಡಿದ್ದನಾ? ನೋಡಿದ್ದರೆ ಯಾಕೆ ಬಾಯಿ ಬಿಟ್ಟಿಲ್ಲ? ಸುಮ್ಮನೆ ಸುಮ್ಮನಿರುವವರು ಯಾರೂ ಇಲ್ಲ, ಏನೋ ಹೂಡುತ್ತಿದ್ದಾನೆ. ತಡೆಯಲಾಗದೆ ಸೆರೆಮನೆಗೆ ಹೋದ. ಹಣ್ಣು ತೆಗೆದುಕೊಂಡು ಹೋದ. ನಮ್ಮವನು ಆ ಹಣ್ಣನ್ನು ಕೈಯಲ್ಲಿ ಹಿಡಿದು ವ್ಯಾಪಾರಿಯ ಮುಖ ನೋಡಿದ.

“ತಿನ್ನಯ್ಯಾ. ಏನೂ ಬೆರೆಸಿಲ್ಲ.”

“ಬೆರೆಸಿದ್ರೂ ಹಂಗೇ ಅಂತಿದ್ರಿ ಬುಡಿ.” ಕಚ್ಚಿದ. ಹಸಿವು ಅಷ್ಟಿತ್ತು.

ವ್ಯಾಪಾರಿ ದನಿ ತಗ್ಗಿಸಿದ. “ಅವತ್ತು ಮಧ್ಯಾಹ್ನ ನೀನು ಮಲಗಿದ್ದೆ, ಅಲ್ವಾ?”

“ಇಲ್ಲ ಸ್ವಾಮಿ. ನೊಣ ಕಾಟಕ್ಕೆ ಮುಖ ಮುಚ್ಕೊಂಡಿದ್ದೆ. ಬಟ್ಟೇಲಿ ತೂತಿತ್ತು.”

“ಏನು ನೋಡ್ದೆ?”

“ನೀವು ಅಂಗಳ ದಾಟ್ಕೊಂಡು ಹೋಗಿ ಉಗ್ರಾಣದ ಗುಡಾಣಕ್ಕೆ ಇಳಿಸಿದ್ದು. ಅಲ್ಲ ಸ್ವಾಮಿ, ಇಷ್ಟು ವರ್ಸ ಪೂಜೆ ಮಾಡಿದ್ರಿ. ಕೋಳಿ ಹಿಡ್ದಂಗೆ ಕಾಲು ಹಿಡ್ಕೊಂಡು ಹೋದ್ರಲ್ಲ. ಮಗು ಎತ್ಕೊಂಡಂಗೆ ಎತ್ಕೋಬೌದಿತ್ತು.”

ವ್ಯಾಪಾರಿ ಬಾಗಿಲ ಕಡೆ ಒಮ್ಮೆ ನೋಡಿ ಅವನ ಎದುರಿಗೇ ಕೂತ. “ಯಾಕೆ ಹೇಳ್ಲಿಲ್ಲ ಮತ್ತೆ? ಎಷ್ಟು ಬೇಕು ನಿಂಗೆ? ಹೇಳ್ಬಿಡು.”

“ಹೇಳ್ದೆನಲ್ಲ! ಮೊದಲ್ನೇ ದಿವ್ಸಾನೇ ನ್ಯಾಯಾಧಿಪತಿಗಳಿಗೆ ಹೇಳ್ದೆ. ಯಜಮಾನ್ರೇ ಎತ್ಕೊಂಡು ಹೋದ್ರು ಅಂತ. ಅವರು ನಕ್ಕರು. ಆಮೇಲೆ ಹೊಡ್ಸಿದ್ರು. ಬರೀ ನಕ್ಕಿದ್ರೆ ಸಾಕಾಗಿತ್ತು.”

ಹೇಳಿದ್ದಾನೆ. ಯಾರೂ ನಂಬಿಲ್ಲ! ವ್ಯಾಪಾರಿಗೆ ಎಷ್ಟು ಹಗುರವಾಯಿತೆಂದರೆ ನಗುವೇ ಬಂತು. ಪ್ರಿಯರೇ, ಆ ನಗು ಇದೆಯಲ್ಲ, ಅದನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ಎದುರಿಗೆ ಕೂತವನು ಸಾಯಲಿದ್ದಾನೆ. ಇವನಿಗೆ ತಾನು ಸಿಕ್ಕಿಬೀಳಲಿಲ್ಲ ಅಂತ ಸಂತೋಷ.

ಹೊರಡಲು ಎದ್ದ. ಆಗ ನಮ್ಮವನು ಅವನ ಬಟ್ಟೆಯ ಅಂಚು ಹಿಡಿದುಕೊಂಡ. “ಸ್ವಾಮಿ, ದೊಡ್ಡ ಮಾತು ಆಡೋನು ನಾನು. ಆದ್ರೆ ಆ ಪ್ರಾಣಿ ಕೂಗೋದು ಇಲ್ಲಿಗೆ ಕೇಳಿಸ್ತದೆ. ಭಯ ಆಗ್ತದೆ. ನಾ ಹೇಳಿದ್ರೆ ಸುಳ್ಳು, ನೀವು ಹೇಳಿದ್ರೇನೇ ನಿಜ. ಗುಡಾಣದಲ್ಲಿರೋನಿಗೆ ಮಾತು ಬರಲ್ಲ. ನಿಮಗೆ ಬರ್ತದಲ್ಲ.”

ವ್ಯಾಪಾರಿ ಅಂಚು ಬಿಡಿಸಿಕೊಂಡು ಮನೆಗೆ ಬಂದ. ಯಾ‌ರನ್ನೂ ಮಾತಾಡಿಸದೆ ಉಗ್ರಾಣಕ್ಕೆ ಹೋಗಿ ಅರಗು ಒಡೆದ. ಎಣ್ಣೆಯ ಮೇಲೆ ರೆಕ್ಕೆಯ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. “ನೀನೇ ಹೇಳು,” ಅಂದ. “ನಿನ್ನ ಹೆಸರಲ್ಲಿ ಒಬ್ಬನ್ನ ಕೊಲ್ತಾವರೆ. ಬೇಕು ಅನ್ನು, ಇಲ್ಲ ಬೇಡ ಅನ್ನು. ಏನಾದ್ರೂ ಅನ್ನು.” ಕಾದ. ಗುಳುಕ್ ಅಂತ ಒಂದು ಗುಳ್ಳೆ ಬಂತು, ಅಷ್ಟೇ. ಸಿಟ್ಟು ಬಂತು. “ಬಾಯಿ ಇದ್ದೂ ಸುಮ್ಮನಿದ್ದೀಯಲ್ಲೋ!” ಅಂತ ಕಿರುಚಿದ.

ಗುಡಾಣ ಅಲ್ಲವೇ, ಮಾತು ವಾಪಸ್ಸು ಬಂತು. ಬಾಯಿ ಇದ್ದೂ ಸುಮ್ಮನಿದ್ದೀಯಲ್ಲೋ. ಅವನದೇ ದನಿ, ಅವನ ಮುಖಕ್ಕೇ. ಆ ಉಗ್ರಾಣದಲ್ಲಿ ಬಾಯಿ ಇದ್ದೂ ಸುಮ್ಮನಿದ್ದವರು ಎಷ್ಟು ಜನ, ನೀವೇ ಹೇಳಿ. ಅವರಲ್ಲಿ ಒಬ್ಬನಿಗೆ ಮಾತು ಬರುವುದೇ ಇಲ್ಲ. ಅವನನ್ನು ಬೆಳ್ಳಿಯಲ್ಲಿ ಎರಕ ಹೊಯ್ದದ್ದು. ಇನ್ನೊಬ್ಬನನ್ನು ಯಾರು ಎರಕ ಹೊಯ್ದರು?

ಹುಣ್ಣಿಮೆ ಬಂತು. ಮೈದಾನ ಕಿಕ್ಕಿರಿದಿತ್ತು. ನಮ್ಮವನನ್ನು ನಡುವೆ ನಿಲ್ಲಿಸಿದ್ದರು. ವ್ಯಾಪಾರಿ ಒಂದು ಕೈಗಾಡಿಯಲ್ಲಿ ಗುಡಾಣ ಇಟ್ಟುಕೊಂಡು ತಾನೇ ತಳ್ಳಿಕೊಂಡು ಬಂದ. ಆಳುಗಳಿಗೆ ಕೊಟ್ಟಿರಲಿಲ್ಲ; ಅನುಮಾನ ಅಷ್ಟು ಬೇಗ ಬಿಡುತ್ತದಾ? ನ್ಯಾಯಾಧಿಪತಿಯ ಮುಂದೆ ನಿಂತು, “ದೇವ್ರನ್ನ ಕದ್ದೋನು ನಾನು. ನನ್ನ ಮನೇಲೇ ಕದ್ದೆ. ಯಾರ ಮೇಲೂ ನಂಬಿಕೆ ಇರಲಿಲ್ಲ, ಅವನ ಮೇಲೂ ಇರಲಿಲ್ಲ” ಅಂದು, ಕೈ ಹಾಕಿ ಎಣ್ಣೆ ಸೋರುವ ದೇವರನ್ನು ಎತ್ತಿ ಹಿಡಿದ.

ಜನ ಏನು ಮಾಡಿದರು? ನಂಬಿದರು ಅಂದುಕೊಂಡಿರಾ? “ಸ್ವಾಮಿ ಸಿಕ್ಕ! ತಾನೇ ಬಂದು ಎಣ್ಣೆಯೊಳಗೆ ಇಳಿದವ್ನೆ!” ಅಂತ ಜಯಕಾರ ಹಾಕಿದರು. ವ್ಯಾಪಾರಿ ಗಂಟಲು ಹರಿಯುವ ಹಾಗೆ, “ನಾನೇ ಇಳಿಸಿದ್ದು ಕಣ್ರೋ, ಕಾಲು ಹಿಡ್ಕೊಂಡು!” ಅಂತ ಕೂಗುತ್ತಿದ್ದ. “ಪಾಪ, ಯಜಮಾನ್ರಿಗೆ ತಲೆ ಕೆಟ್ಟದೆ” ಅಂದರು. ಜೀವನದಲ್ಲಿ ಮೊದಲ ಸಲ ನಿಜ ಹೇಳಿದ, ಆಗ ಅವನನ್ನು ಯಾರೂ ನಂಬಲಿಲ್ಲ.

ನ್ಯಾಯಾಧಿಪತಿಗೆ ಊಟದ ಹೊತ್ತು ಮೀರಿತ್ತು. “ದೇವ್ರು ತಾನೇ ಇಳ್ದಿದ್ರೆ ಓಡಿಸಿದೋನೂ ಇಲ್ಲ, ಕಳ್ಳನೂ ಇಲ್ಲ. ಯಜಮಾನ ಇಳಿಸಿದ್ರೆ, ಅವನ ವಸ್ತು, ಆಗಲೂ ಕಳ್ಳ ಇಲ್ಲ. ನನ್ನ ಮುಂದೆ ಯಾಕೆ ನಿಂತಿದ್ದೀರಾ ಎಲ್ರೂ?” ಅಂದ. ನಮ್ಮವನ ಕಟ್ಟು ಬಿಚ್ಚಿದರು. ಅವನು ಅಲ್ಲೇ ಕೂತುಬಿಟ್ಟ. ಅವನನ್ನು ಎಬ್ಬಿಸಿ ಹೆಗಲು ಕೊಟ್ಟವನು ಭಕ್ತ. ಇನ್ನೊಂದು ಕಡೆಯ ಹೆಗಲು ಯಾರದು? ವ್ಯಾಪಾರಿಯದು. ಎಣ್ಣೆ ಕೈ, ಎರಡು ಸಲ ಜಾರಿತು.

ಆಮೇಲೆ ಆ ವ್ಯಾಪಾರಿ ದೀಕ್ಷಾಸ್ನಾನ ತೆಗೆದುಕೊಂಡನಾ ಅಂತ ಕೇಳಬೇಡಿ. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ. ಅದೇ ಕೆಮ್ಮು ಮತ್ತೆ ಬಂತು ನೋಡಿ.

ಈಗ ನಿಮ್ಮ ಕಡೆ ಬರುತ್ತೇನೆ. ನಿಮ್ಮಲ್ಲಿ ಕೆಲವರು ಆಗಲೇ ಯೋಚನೆ ಮಾಡುತ್ತಿದ್ದೀರಿ: ಈ ಕಥೆಯನ್ನು ಪಕ್ಕದ ಮನೆಯವರಿಗೆ ಹೇಳಬೇಕು, ಅವರ ದೇವರ ಕೋಣೆಯ ಕಿಟಕಿಗೆ ಕೇಳಿಸುವ ಹಾಗೆ. ಬೇಡ. ಕಾಯಬೇಕಾದವನನ್ನು ನೀವೇ ಕಾಯುತ್ತೀರಲ್ಲ ಅಂತ ನಮ್ಮ ಹಿರಿಯರು ಕೇಳಿದ್ದು ನಿಜ. ಅವರು ಸಿಂಹದ ಮುಂದೆ ನಿಂತು ಕೇಳಿದರು. ನೀವು ಫ್ಯಾನಿನ ಕೆಳಗೆ ಕೂತು ಕೇಳಿದರೆ ಅದು ಸಾಕ್ಷಿಯಲ್ಲ, ಕುಹಕ. ಆ ಪ್ರಶ್ನೆಯನ್ನು ಈ ಗೋಡೆಗಳ ಒಳಗೇ ಕೇಳೋಣ. ನನಗೆ ನಿಮ್ಮ ಮೇಲೆ ಅನುಮಾನ. ನಿಮ್ಮೆಲ್ಲರ ಮೇಲೂ. ಈ ಪೀಠದಲ್ಲಿ ನಿಂತವನ ಮೇಲಂತೂ ಜಾಸ್ತಿ.

ವಿಗ್ರಹ ಅಂದರೆ ಏನು? ಬೆಳ್ಳಿಯದು, ಕಲ್ಲಿನದು ಅನ್ನುತ್ತೀರಿ. ಅಲ್ಲ. ಯಾವುದನ್ನು ಉಳಿಸಿಕೊಳ್ಳುವುದಕ್ಕೆ ಇನ್ನೊಬ್ಬರನ್ನು ಸಿಂಹದ ಬಾಯಿಗೆ ಬಿಡಲು ತಯಾರಾಗಿದ್ದೀರೋ, ಅದು ನಿಮ್ಮ ವಿಗ್ರಹ. ಆ ವ್ಯಾಪಾರಿಗೆ ಬೆಳ್ಳಿಯ ದೇವರು ಯಾವತ್ತೋ ಹೋಗಿದ್ದ. ಉಳಿದಿದ್ದು ಮರ್ಯಾದೆ. ಬೀದಿಯಲ್ಲಿ ಹೋದರೆ ಹಿರಿಯರು ಎದ್ದು ನಿಲ್ಲುತ್ತಿದ್ದರಲ್ಲ, ಅದು. ಅದಕ್ಕೆ ದಿನಾ ದೀಪ ಹಚ್ಚುತ್ತಿದ್ದ. ನಮ್ಮ ಮನೆಗಳಲ್ಲಿ ಅದಕ್ಕೆ ದೀಪ ಇಲ್ಲವಾ?

ನಾಳೆಯಿಂದ ಏನು ಬದಲಾಗಬೇಕು? ದೊಡ್ಡದೇನೂ ಅಲ್ಲ. ಮನೆಯಲ್ಲಿ ಒಂದು ವಸ್ತು ಕಾಣದಿದ್ದಾಗ ಬಾಯಿ ಮುಚ್ಚಿ, ಬೀರು ತೆಗೆಯಿರಿ. ಮಡಿಸಿದ ಸೀರೆಯೊಳಗೆ ನೋಡಿ, ಹಾಸಿಗೆಯ ಕೆಳಗೆ ನೋಡಿ, ನೀವೇ ಭದ್ರವಾಗಿ ಎತ್ತಿಟ್ಟು ಮರೆತ ಜಾಗಗಳಲ್ಲಿ ನೋಡಿ. ಪಾತ್ರೆ ತೊಳೆಯುವವಳ ಹೆಸರು ಅದಕ್ಕಿಂತ ಮೊದಲು ನಿಮ್ಮ ನಾಲಿಗೆಗೆ ಬರಬಾರದು. ಬಂದೇಬಿಟ್ಟಿತಾ? ಆಡಿಬಿಟ್ಟಿರಾ? ಆಮೇಲೆ ವಸ್ತು ಸಿಕ್ಕಿತಾ? ಇಲ್ಲಿ ಕೇಳಿ. ಕಳೆದಾಗ ಎಷ್ಟು ಗಟ್ಟಿಯಾಗಿ ಕೂಗಿದಿರೋ, ಸಿಕ್ಕಿದಾಗಲೂ ಅಷ್ಟೇ ಗಟ್ಟಿಯಾಗಿ, ಅದೇ ಬೀದಿಯಲ್ಲಿ, ಅದೇ ಜನರ ಮುಂದೆ ಹೇಳಬೇಕು. ಹಬ್ಬಕ್ಕೆ ಒಂದು ಸೀರೆ ಕೊಟ್ಟು ಸರಿಮಾಡುವುದಲ್ಲ. ಹಣ್ಣು ಒಯ್ಯುವುದಲ್ಲ. ಬಾಯಿ ಬಿಟ್ಟು ಹೇಳಬೇಕು. ನಾನು ಯಾರನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿಲ್ಲ. ಜನ ಚದುರಲಿ ಆಮೇಲೆ ಹೋಗುತ್ತೇನೆ ಅನ್ನುತ್ತೀರಿ, ನಾಳೆ ಹೋಗುತ್ತೇನೆ ಅನ್ನುತ್ತೀರಿ, ಆದರೆ ಆ ನಾಳೆ ಅನ್ನುವುದನ್ನೂ ನಾವೇ ನಮ್ಮ ಕೈಯಾರೆ ಕೆತ್ತಿ, ಪೀಠದ ಮೇಲೆ ಕೂರಿಸಿ, ಅದಕ್ಕೂ ಒಂದು—

ಯೋಬಣ್ಣಾ? ಯಾಕೆ ಎದ್ದಿರಿ? ಕಾಣಿಕೆ ಎತ್ತುವ ಹೊತ್ತು ಇನ್ನೂ ಆಗಿಲ್ಲ ಅಣ್ಣಾ. ಆಶೀರ್ವಾದವೂ ಆಗಿಲ್ಲ.

ಬಿಡಿ. ತಡೆಯಬೇಡಿ. ಕಾಲು ಸ್ವಲ್ಪ ಒಳಗೆ ತಗೊಳ್ಳಿ ರಾಹೇಲಮ್ಮ, ಅವರು ದಾಟಲಿ.

ಚಪ್ಪಲಿ ಮೆಟ್ಟಿಕೊಳ್ಳಲಿಲ್ಲ. ಅವರ ಮನೆ ಇರುವುದು ಬಲಕ್ಕೆ, ತಿರುಗಿದ್ದು ಎಡಕ್ಕೆ. ಎಡಕ್ಕಿರುವುದು ಇಸ್ತ್ರಿ ಅಂಗಡಿಯ ಚಿಕ್ಕತಾಯಮ್ಮನ ಮನೆಯೊಂದೇ. ಇಸ್ತ್ರಿಗೆ ಕೊಟ್ಟ ಕೋಟಿನ ಜೇಬಲ್ಲಿದ್ದ ಗಡಿಯಾರ ತೆಗೆದುಕೊಂಡಳು ಅಂತ ಹೋದ ತಿಂಗಳು ಅವಳ ಅಂಗಡಿಯ ಮುಂದೆ ಯೋಬಣ್ಣ ಕೂಗಾಡಿದ್ದನ್ನು ನಾವೆಲ್ಲ ಕೇಳಿಸಿಕೊಂಡಿದ್ದೇವೆ. ಅವಳಿಗೆ ಬಟ್ಟೆ ಕೊಡುವುದನ್ನೂ ನಾವೆಲ್ಲ ನಿಲ್ಲಿಸಿದ್ದೇವೆ.

ಆ ಗಡಿಯಾರ ಸಿಕ್ಕಿದೆ ಅಂತ ನನಗೂ ಗೊತ್ತಿರಲಿಲ್ಲ. ಈಗಲೇ ಗೊತ್ತಾಗಿದ್ದು.